ಶಾಲೆಗೆ 20 ಟ್ಯಾಬ್ ಬಂದಿವೆ, ಬೀರುವಿನಿಂದ ಹೊರಗೆ ತೆಗೆಯೋದಾ ಬೇಡ್ವಾ?

ಹಳ್ಳಿ_ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕ, ಊರಿನ ಹೆಸರು ಬೇಡ. ಒಂದರಿಂದ ಏಳನೇ ತರಗತಿವರೆಗೆ 63 ಮಕ್ಕಳು, ಮೂವರು ಶಿಕ್ಷಕರು, ಅದರಲ್ಲಿ ಒಬ್ಬರು ಅತಿಥಿ ಶಿಕ್ಷಕಿ. ಇದೇ ಊರಲ್ಲಿ ಓದಿ ಬೆಂಗಳೂರಿಗೆ ಹೋಗಿ ಚೆನ್ನಾಗಿ ದುಡಿದವರೊಬ್ಬರು ದಸರಾ ರಜೆ ಮುಗಿಯುತ್ತಿದ್ದಂತೆ ಬಂದು 20 ಟ್ಯಾಬ್ ಕೊಟ್ಟರು. ಹಾರ ಹಾಕಿದೆವು, ಫೋಟೋ ತೆಗೆಸಿಕೊಂಡೆವು, ಪಾಯಸದ ಊಟ ಹಾಕಿ ಕಳಿಸಿದೆವು. ಆಮೇಲೆ ಟ್ಯಾಬ್‌ಗಳು ಬೀರು ಸೇರಿದವು.

ಸುಮ್ನೆ ಇಡೋದು ಬೇಡ ಅಂತ ಎರಡು ವಾರ ಐದನೇ ತರಗತಿಯ ಜೊತೆ ಬಳಸಿ ನೋಡಿದೆ. ಪೀರಿಯಡ್ ಇರೋದೇ 40 ನಿಮಿಷ. ಹಂಚಿ, ಆನ್ ಮಾಡಿ, ಎಲ್ಲರೂ ಒಂದೇ ಪುಟಕ್ಕೆ ಬರುವಷ್ಟರಲ್ಲಿ 12 ನಿಮಿಷ ಆಗಿತ್ತು. ಒಂದು ಅಪ್‌ಡೇಟ್ ಕೇಳುತ್ತದೆ, ಇನ್ನೊಂದರ ಭಾಷೆ ಹೇಗೋ ಹಿಂದಿ ಆಗಿಬಿಟ್ಟಿದೆ, ಮತ್ತೊಂದು ಚಾರ್ಜೇ ಆಗಿಲ್ಲ. "ಸಾರ್ ನಂದು, ಸಾರ್ ನಂದು" ಅಂತ ಹತ್ತು ಕೈ ಮೇಲೆ. ಭಿನ್ನರಾಶಿ ಕಲಿಸೋಣ ಅಂತ ಹೋದವನು ನಾನು, ಬ್ರೈಟ್‌ನೆಸ್ ಸರಿ ಮಾಡಿ ವಾಪಸ್ ಬಂದೆ. ಮೂರನೇ ದಿನ ಟ್ಯಾಬ್ ತರದೆ ಸೀಮೆಸುಣ್ಣ ಹಿಡಿದು ಒಳಗೆ ಹೋದರೆ ಇಡೀ ತರಗತಿಯ ಮುಖ ಬಾಡಿತು, ನನಗೇ ಒಂಥರಾ ಆಯಿತು.

ಆದರೆ ಇನ್ನೊಂದು ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಆರನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ, ಎರಡನೇ ತರಗತಿ ಮಟ್ಟದ ಓದು ಅವನದು. ಗಟ್ಟಿಯಾಗಿ ಓದು ಅಂದರೆ ತಲೆ ತಗ್ಗಿಸಿ ನಿಂತುಬಿಡುತ್ತಾನೆ, ಒತ್ತಕ್ಷರ ಬಂದರೆ ಹಿಂದಿನ ಬೆಂಚಿನಿಂದ ನಗು. ಅವನಿಗೆ ಸ್ಟೋರಿವೀವರ್ ಅನ್ನೋ ಪುಕ್ಕಟೆ ಮಕ್ಕಳ ಕಥೆಗಳ ಜಾಲತಾಣದಿಂದ ಒಂದು ಚಿಕ್ಕ ಕನ್ನಡ ಕಥೆ ತೆಗೆದುಕೊಟ್ಟು, ಅದನ್ನು ನಾನೇ ಓದಿ ರೆಕಾರ್ಡ್ ಮಾಡಿ, ಇಯರ್‌ಫೋನ್ ಕೊಟ್ಟು ಜಗಲಿಯಲ್ಲಿ ಕೂರಿಸಿದೆ. ಕೇಳುವುದು, ಬೆರಳಿಟ್ಟು ಓದುವುದು, ಮತ್ತೆ ಕೇಳುವುದು. ಒಂದೇ ಕಥೆಯನ್ನು ಏಳು ಸಲ ಮಾಡಿದ. ನಾನಾಗಿದ್ದರೆ ಏಳು ಸಲ ಹೇಳಿಕೊಡುತ್ತಿದ್ದೆನಾ? ಮೂರನೇ ಸಲಕ್ಕೇ ನನ್ನ ದನಿ ಏರುತ್ತಿತ್ತು.

ಮುಂದಿನ ಶನಿವಾರ ಎಸ್‌ಡಿಎಂಸಿ, ಅಂದರೆ ಪೋಷಕರಿರುವ ಶಾಲಾಭಿವೃದ್ಧಿ ಸಮಿತಿಯ ಸಭೆ. ಹೆಡ್‌ಮಾಸ್ಟರ್ "ನೀವೇ ಹೇಳಿ ಮೇಷ್ಟ್ರೇ" ಅಂದಿದ್ದಾರೆ. ಅನುಭವ ಇದ್ದವರು ಬರೆಯಿರಿ. ಭಾಷಣ ಬೇಡ.

ಇಬ್ಬರ_ಅಮ್ಮ:
ಸರ್, ನಿಮಗೆ ಪುಕ್ಕಟೆ ಬಂದಿದೆ, ನಮ್ಮ ಹತ್ತಿರ ದುಡ್ಡು ಕಿತ್ತುಕೊಂಡಿದ್ದಾರೆ, ವ್ಯತ್ಯಾಸ ಅಷ್ಟೇ. ಬೆಂಗಳೂರಿನ ಖಾಸಗಿ ಶಾಲೆ, ದೊಡ್ಡವಳು ಏಳನೇ ತರಗತಿ. ಹೋದ ವರ್ಷದಿಂದ ಟ್ಯಾಬ್ ಕಡ್ಡಾಯ. ಮನೆಯಲ್ಲಿ ಒಳ್ಳೇ ಟ್ಯಾಬ್ ಇತ್ತು, ಅದು ನಡೆಯಲ್ಲ, ಶಾಲೆ ಹೇಳಿದ ಅಂಗಡಿಯಿಂದಲೇ ತಗೋಬೇಕು. ಸರಿ, ತಗೊಂಡೆವು. ಪಠ್ಯ ಎಲ್ಲ ಅದರೊಳಗೇ ಇರುತ್ತೆ ಅಂದರು. ಮಾರ್ಚ್ ಮುಗಿಯಿತು ನೋಡಿ, ಆರನೇ ತರಗತಿಯ ಪಾಠಗಳಿಗೆಲ್ಲ ಬೀಗ! ಲೈಸೆನ್ಸ್ ಒಂದು ವರ್ಷಕ್ಕಂತೆ. ನಾವು ಅಕ್ಕನ ಪುಸ್ತಕಕ್ಕೆ ಹೊಸ ಬೈಂಡ್ ಹಾಕಿಕೊಂಡು ಓದಿ ಬೆಳೆದವರು. ಈಗ ಚಿಕ್ಕವಳಿಗೆ ಅಕ್ಕನ ಪುಸ್ತಕ ಅನ್ನೋದೇ ಇಲ್ಲ.

ಬ್ಯಾಗ್ ಭಾರ ಕಡಿಮೆ ಆಗುತ್ತೆ ಅಂದಿದ್ದರು, ಅದಂತೂ ದೊಡ್ಡ ಜೋಕ್. ಊರಿಗೆ ಹೋಗುವಾಗ ಲಗೇಜ್ ತೂಗುವ ಕೊಕ್ಕೆ ತಕ್ಕಡಿಗೆ ನೇತುಹಾಕಿ ನೋಡಿದೆ. ನೋಟ್‌ಬುಕ್ಕು, ಟ್ಯಾಬು, ಅದರ ದಪ್ಪ ಕವರು, ನೀರಿನ ಬಾಟಲು ಸೇರಿ 5.6 ಕೆಜಿ. ನಮ್ಮ ರಾಜ್ಯದ 2019ರ ಆದೇಶದಲ್ಲಿ 6ರಿಂದ 8ನೇ ತರಗತಿಗೆ 3ರಿಂದ 4 ಕೆಜಿ ಅಂತ ಇದೆ.

ಇನ್ನು ಸಂಜೆ. "ಏನು ಮಾಡ್ತಿದ್ದೀಯಾ?" "ಹೋಮ್‌ವರ್ಕ್ ಅಮ್ಮಾ." ಪುಸ್ತಕ ಆಗಿದ್ದರೆ ದೂರದಿಂದಲೇ ಗೊತ್ತಾಗುತ್ತಿತ್ತು. ಈಗ ಪಕ್ಕಕ್ಕೆ ಹೋಗಿ ನಿಂತರೂ ಬೆರಳು ನನಗಿಂತ ಫಾಸ್ಟ್.

ಸ್ಕ್ರೂಡ್ರೈವರ್:
ಮೇಷ್ಟ್ರೇ, ಶಿವಮೊಗ್ಗದಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಪಾಠದ ವಿಷಯ ನನಗೆ ಗೊತ್ತಿಲ್ಲ, ಸಾಮಾನಿನ ವಿಷಯ ಹೇಳುತ್ತೇನೆ. ಶಾಲೆಗಳಿಂದ ಬರುವ ಟ್ಯಾಬ್‌ಗಳಲ್ಲಿ ಎರಡೇ ಕಾಯಿಲೆ ಜಾಸ್ತಿ. ಒಂದು ಚಾರ್ಜಿಂಗ್ ಪಿನ್, ಮಕ್ಕಳು ಉಲ್ಟಾ ತುರುಕುತ್ತಾರೆ. ಹಳೇ ಮೈಕ್ರೋ ಪಿನ್ ಆದರೆ ಒಂದು ವರ್ಷ ಬಾಳಿದರೆ ಪುಣ್ಯ, ಟೈಪ್-ಸಿ ಆದರೆ ಪರವಾಗಿಲ್ಲ, ಹೇಗೆ ಹಾಕಿದರೂ ಹೋಗುತ್ತೆ. ಎರಡನೇದು ಉಬ್ಬಿದ ಬ್ಯಾಟರಿ. ಇದು ಬೀರುವಿನ ಕಾಯಿಲೆ. ಏಪ್ರಿಲ್, ಮೇ ಎರಡು ತಿಂಗಳು ಶೀಟಿನ ಕೋಣೆಯಲ್ಲಿ ಬಿಸಿಲಿಗೆ ಬೆಂದು, ಚಾರ್ಜ್ ಪೂರ್ತಿ ಇಳಿದು ಸತ್ತಿರುತ್ತವೆ. ಜೂನ್‌ನಲ್ಲಿ ಬೀಗ ತೆಗೆದರೆ ಪರದೆ ಎದ್ದು ನಿಂತಿರುತ್ತೆ, ಇಡ್ಲಿ ಥರ.

ರಜೆಗೆ ಇಡುವಾಗ ಅರ್ಧ ಚಾರ್ಜ್ ಮಾಡಿ, ಆಫ್ ಮಾಡಿ, ತಂಪಿರುವ ಕಡೆ ಇಡಿ, ತಿಂಗಳಿಗೊಮ್ಮೆ ನೋಡಿ. ಉಬ್ಬಿದ್ದನ್ನು ಚುಚ್ಚಬೇಡಿ, ಒತ್ತಬೇಡಿ, ಚಾರ್ಜಿಗೂ ಹಾಕಬೇಡಿ, ಬೆಂಕಿ ಹತ್ತಿಕೊಳ್ಳುತ್ತದೆ. ಮತ್ತೆ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಇನ್ನೊಂದು ಬೋರ್ಡ್, ಅದಕ್ಕೆ ಮತ್ತೊಂದು ಹಾಕಿ 20 ಚಾರ್ಜರ್ ಸಿಕ್ಕಿಸುವ ಕೆಲಸ ಮಾತ್ರ ಬೇಡ. ದಾನ ಕೊಟ್ಟವರನ್ನು ಒಂದು ಮಾತು ಕೇಳಿ, ರಿಪೇರಿಗೆ ವರ್ಷಕ್ಕೆ ಇಷ್ಟು ಅಂತ ಏನಾದ್ರೂ ಕೊಡ್ತಾರಾ ಅಂತ. ಟ್ಯಾಬ್ ಕೊಟ್ಟವರ ಫೋಟೋ ಪೇಪರಲ್ಲಿ ಬರುತ್ತೆ, ಪಿನ್ ಹಾಕಿಸಿದವರದು ಬರಲ್ಲ.

ಕೋಡ್_ಕೊಟ್ಟಿಗೆ:
ಎಲ್ಲರೂ ಟ್ಯಾಬ್‌ಗೇ ಬೈತಾ ಇದ್ದೀರಿ, ಸ್ವಲ್ಪ ತಡೆಯಿರಿ. ಮೇಷ್ಟ್ರು ಬರೆದಿದ್ದನ್ನೇ ಇನ್ನೊಂದು ಸಲ ಓದಿ. 20 ಮಕ್ಕಳನ್ನು ಒಂದೇ ಪುಟಕ್ಕೆ ತರಲು ಹೋದಾಗ ಕೆಟ್ಟಿತು, ಒಬ್ಬ ಹುಡುಗನಿಗೆ ಅವನ ಮಟ್ಟದ್ದನ್ನು ಕೊಟ್ಟಾಗ ಗೆದ್ದಿತು. ಎಲ್ಲರಿಗೂ ಒಂದೇ ಪುಟ ತೋರಿಸಲು ಕಪ್ಪುಹಲಗೆ ಸಾಕು, ಅದಕ್ಕೆ ಚಾರ್ಜೂ ಬೇಡ.

ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಅನ್ನೋ ತಂತ್ರಾಂಶ ಇಟ್ಟುಕೊಂಡು ಕಾರ್ತಿಕ್ ಮುರಳೀಧರನ್ ಮತ್ತು ಜೊತೆಯವರು ಮಾಡಿದ ಅಧ್ಯಯನ ಇದೆ, 2019ರಲ್ಲಿ ಪ್ರಕಟವಾಯಿತು. ಲಾಟರಿ ಎತ್ತಿ ಅರ್ಧ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಕೇಂದ್ರಕ್ಕೆ ಹೋಗುವ ಅವಕಾಶ, ಉಳಿದರ್ಧಕ್ಕೆ ಇಲ್ಲ. ಶುರುವಿನಲ್ಲಿ ಪರೀಕ್ಷೆ ಮಾಡಿದರೆ ಆರನೇ ತರಗತಿಯ ಸರಾಸರಿ ಮಗು ಗಣಿತದಲ್ಲಿ ಎರಡೂವರೆ ತರಗತಿ ಹಿಂದೆ ಇತ್ತು. ತಂತ್ರಾಂಶ ಪ್ರತಿ ಮಗುವಿಗೂ ಅದು ನಿಂತಿರುವ ಮೆಟ್ಟಿಲಿನಿಂದಲೇ ಪ್ರಶ್ನೆ ಕೊಡುತ್ತಾ ಹೋಯಿತು. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಕೇಂದ್ರಕ್ಕೆ ಹೋದವರು ಸ್ಪಷ್ಟವಾಗಿ ಮುಂದೆ ಬಂದರು. ಇದು ಸುಮ್ನೆ ಜಾಹೀರಾತಿನ ಮಾತಲ್ಲ.

ಆರು, ಏಳನೇ ತರಗತಿಯ ವಿಜ್ಞಾನಕ್ಕೆ ಫೆಟ್ ಸಿಮ್ಯುಲೇಶನ್ ನೋಡಿ ಸರ್, ಪರದೆಯ ಮೇಲೇ ಮಾಡಿ ನೋಡುವ ಪ್ರಯೋಗಗಳು. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು, ಪುಕ್ಕಟೆ, ಕೆಲವು ಕನ್ನಡದಲ್ಲೂ ಇವೆ. ಬಲ್ಬು, ವೈರು, ಬ್ಯಾಟರಿ ಎಳೆದು ಜೋಡಿಸಿದರೆ ಸರ್ಕ್ಯೂಟಿನಲ್ಲಿ ಎಲೆಕ್ಟ್ರಾನ್ ಹರಿಯುವುದು ಕಾಣುತ್ತದೆ. ಅದನ್ನು ಯಾವ ಹಲಗೆಯ ಮೇಲೆ ತೋರಿಸುತ್ತೀರಿ? ನೆಟ್ ಇಲ್ಲ ಅಂದರೆ ಕೊಲಿಬ್ರಿ ಅನ್ನೋ ಪುಕ್ಕಟೆ ತಂತ್ರಾಂಶ ಹಾಕಿಕೊಳ್ಳಿ. ಒಂದು ಹಳೇ ಲ್ಯಾಪ್‌ಟಾಪಿನಲ್ಲಿ ಪಾಠಗಳನ್ನು ಇಳಿಸಿಟ್ಟು ರೂಟರ್‌ಗೆ ಸೇರಿಸಿದರೆ ಟ್ಯಾಬ್‌ಗಳು ಅದರಿಂದಲೇ ತಗೊಳ್ಳುತ್ತವೆ, ಇಂಟರ್ನೆಟ್ ಬೇಕಿಲ್ಲ.

ನಲಿಕಲಿ_ಟೀಚರ್:
ಕೋಡ್ ತಮ್ಮಾ, ನೀನು ಹೇಳಿದ ಅಧ್ಯಯನದಲ್ಲಿ ಒಂದು ಮಾತು ಬಿಟ್ಟೆ. ಆ ಕೇಂದ್ರದಲ್ಲಿ ಮಕ್ಕಳು ಇದ್ದದ್ದು ಒಂದೂವರೆ ಗಂಟೆ, ಅದರಲ್ಲಿ ಅರ್ಧವೇ ಕಂಪ್ಯೂಟರ್. ಉಳಿದರ್ಧ ಸಣ್ಣ ಗುಂಪಿಗೆ ಒಬ್ಬರು ಕೂತು ಹೇಳಿಕೊಡುತ್ತಿದ್ದರು. ಹನ್ನೆರಡು, ಹದಿನೈದು ಮಕ್ಕಳಿಗೆ ಒಬ್ಬರು! ನನಗೆ ಅಷ್ಟೇ ಕೊಡಿ, ಕಂಪ್ಯೂಟರ್ ನೀವೇ ಇಟ್ಕೊಳ್ಳಿ.

ಮಗು ನಿಂತಿರುವ ಮೆಟ್ಟಿಲಿನಿಂದ ಕಲಿಸುವುದು ಅಂದೆಯಲ್ಲ, ಅದನ್ನು ನಾವು ಕಾರ್ಡಿನಲ್ಲೇ ಮಾಡುತ್ತಾ ಬಂದಿದ್ದೇವೆ. ನಲಿ-ಕಲಿ ಅಂದರೆ ಚಿಕ್ಕ ತರಗತಿಗಳಿಗೆ ಕಾರ್ಡಿನಲ್ಲಿ ಕಲಿಸುವ ಸರ್ಕಾರಿ ಶಾಲೆಯ ಪದ್ಧತಿ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿದ್ದು. ಕಲಿಕಾ ಏಣಿ, ಮೈಲಿಗಲ್ಲು, ತಟ್ಟೆ, ಒಂದು ಮಗು ಕಾರ್ಡ್ 14ರಲ್ಲಿದ್ದರೆ ಪಕ್ಕದ ಮಗು 31ರಲ್ಲಿ. ಬೀಳುತ್ತೆ, ಹರಿಯುತ್ತೆ, ನಾವು ಅಂಟಿಸುತ್ತೇವೆ.

ಮೇಷ್ಟ್ರೇ, ಒಂದರಿಂದ ಮೂರಕ್ಕೆ ಟ್ಯಾಬ್ ಕೊಡಲೇಬೇಡಿ. 2021ರ ಕೊನೆಗೆ ಶಾಲೆ ತೆರೆದಾಗ ನಾನು ನೋಡಿದ್ದು ಇದು: ಒಂದು ಮಗು ಅಪ್ಪನ ಫೋನಿನಲ್ಲಿ ಅ ಆ ಇ ಈ ಎಲ್ಲ ಗುರುತಿಸುವುದು ಕಲಿತಿತ್ತು, ಒತ್ತಿದರೆ ಸರಿ ಉತ್ತರಕ್ಕೆ ಗಂಟೆ ಬಾರಿಸುತ್ತದಲ್ಲ ಹಾಗೆ. ಸ್ಲೇಟು ಕೊಟ್ಟೆ. ಬಳಪ ಹಿಡಿದ ಕೈ ನಡುಗುತ್ತಿತ್ತು. ನಮ್ಮ ಅಕ್ಷರ ದುಂಡಗೆ, ಎಲ್ಲಿ ಶುರು ಮಾಡಿ ಎಲ್ಲಿ ಸುತ್ತಿಸಬೇಕು ಅನ್ನುವುದು ಬೆರಳಿಗೆ ಗೊತ್ತಾಗಬೇಕು. "ಕ್ಷ" ಒತ್ತುವುದು ಬೇರೆ, ಬರೆಯುವುದು ಬೇರೆ. ಅದಕ್ಕೆ ಮರಳು, ಸ್ಲೇಟು, ಕೋಪಿ, ಇಷ್ಟೇ ದಾರಿ.

ಹಾಗಂತ ನಾನು ಫೋನೇ ಮುಟ್ಟದವಳಲ್ಲ. 2020ರಲ್ಲಿ ಕೋವಿಡ್‌ಗೆ ಶಾಲೆ ಮುಚ್ಚಿ, ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ವಿದ್ಯಾಗಮ ನಡೆದಾಗ ದೇವಸ್ಥಾನದ ಜಗಲಿಯಲ್ಲಿ ನನ್ನ ಒಂದೇ ಫೋನಿಟ್ಟುಕೊಂಡು ಒಂಬತ್ತು ಮಕ್ಕಳಿಗೆ ವಿಡಿಯೋ ತೋರಿಸಿದವಳು.

ಕೋಡ್_ಕೊಟ್ಟಿಗೆ:
ಅಕ್ಕಾ, ಅರ್ಧ ಸಮಯ ಟೀಚರ್ ಅನ್ನೋದು ನಿಜ, ಬಿಟ್ಟಿದ್ದು ನನ್ನ ತಪ್ಪು. ಆದರೆ ಆ ಮಟ್ಟದ ಕಾರ್ಡನ್ನು ಏಳನೇ ತರಗತಿಯವರೆಗೆ ಯಾರು ಮಾಡಿಕೊಡುತ್ತಾರೆ? ನಾಲ್ಕನೇ ತರಗತಿಗೆ ಬಂದ ತಕ್ಷಣ ಏಣಿ ತೆಗೆದು ಎಲ್ಲರಿಗೂ ಒಂದೇ ಪುಸ್ತಕ ಕೊಡುತ್ತೇವೆ. ಮೇಷ್ಟ್ರ ಆ ಹುಡುಗ ಅಲ್ಲೇ ಕಳೆದುಹೋಗಿದ್ದು.

ನಲಿಕಲಿ_ಟೀಚರ್:
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲಪ್ಪ. ಒಪ್ಪಿದೆ.

ಉತ್ತರದ_ಚಳಿ:
ಸ್ಟಾಕ್‌ಹೋಮ್‌ನಿಂದ ಬರೆಯುತ್ತಿದ್ದೇನೆ, ಧಾರವಾಡದವನು. ಇಲ್ಲಿ ನಡೆದದ್ದು ನೋಡ್ರಿ, ಮಜಾ ಅದ. 2019ರಲ್ಲಿ ಶಿಶುವಿಹಾರದ ಪಠ್ಯಕ್ರಮದಲ್ಲೇ ಡಿಜಿಟಲ್ ಸಾಧನ ಬಳಸಬೇಕು ಅಂತ ಸೇರಿಸಿದ್ದರು. ನಾಲ್ಕು ವರ್ಷದ ಕೂಸಿನ ಕೈಯಲ್ಲಿ ಶಾಲೆಯ ಟ್ಯಾಬ್. 2023ಕ್ಕೆ ಗಾಳಿ ಪೂರ್ತಿ ತಿರುಗಿತು. ಶಾಲಾ ಮಂತ್ರಿ ಲೋಟ್ಟಾ ಎಡ್‌ಹೋಲ್ಮ್ ಪುಸ್ತಕಕ್ಕೆ ವಾಪಸ್ ಹೋಗೋಣ ಅಂದರು, ಆ ವರ್ಷ ಪುಸ್ತಕ ಕೊಳ್ಳಲಿಕ್ಕೆ 68.5 ಕೋಟಿ ಕ್ರೋನಾ ತೆಗೆದಿಟ್ಟರು. ನಾಲ್ಕನೇ ತರಗತಿ ಮಕ್ಕಳ ಓದಿನ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ 2016ರಲ್ಲಿ 555 ಇದ್ದ ಸ್ವೀಡನ್‌ನ ಅಂಕ 2021ಕ್ಕೆ 544 ಆಗಿತ್ತು, ಗದ್ದಲ ಎದ್ದದ್ದು ಅದರಿಂದ. 11 ಅಂಕಕ್ಕೆ ಟ್ಯಾಬ್ ಒಂದೇ ಕಾರಣ ಅಂತ ಹೇಳಲಿಕ್ಕೆ ಬರೋದಿಲ್ಲ, ನಡುವೆ ಕೋವಿಡ್ ಬಂದಿತ್ತು, ಹೊರಗಿನಿಂದ ಬಂದು ಮನೆಯಲ್ಲಿ ಬೇರೆ ಭಾಷೆ ಆಡುವ ನಮ್ಮಂಥವರ ಮಕ್ಕಳೂ ಇದ್ದಾರೆ. ಆದರೂ ನನ್ನ ಮಗಳ ತರಗತಿಗೆ ಕಾಗದದ ಪುಸ್ತಕ ಬಂತಲ್ಲ, ಅವತ್ತು ಮನೆಗೆ ಬಂದವಳೇ ಮೂಸಿ ನೋಡಿ ನನ್ನ ಮೂಗಿಗೂ ಹಿಡಿದಳು.

ಇಲ್ಲಿಯವರು ವಾಪಸ್ ಹೋಗಬಲ್ಲರು, ರೊಕ್ಕ ಇದೆ. ನಾವು ಅವರು ಬಿಟ್ಟ ರೈಲು ಹತ್ತಲಿಕ್ಕೆ ಓಡುತ್ತೇವೆ, ನನಗೆ ಸಂಕಟ ಆಗೋದು ಅಷ್ಟಕ್ಕೆ.

ಹಳೇ_ಫೈಲು:
ಶಿಕ್ಷಣ ಇಲಾಖೆಯಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತನಾದವನು. ರೈಲಿನ ಮಾತು ಬಂತಲ್ಲ, ನಾವು ಹತ್ತಿದ ರೈಲುಗಳನ್ನು ಹೇಳುತ್ತೇನೆ. 2004ರಲ್ಲಿ ಇಸ್ರೋ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿತು, ಪ್ರಾಥಮಿಕ ಶಾಲೆಗಳಿಗೆ ಉಪಗ್ರಹದಿಂದ ಪಾಠ ಬಂದದ್ದು ನಮ್ಮ ಚಾಮರಾಜನಗರ ಜಿಲ್ಲೆಗೆ. ಒಳ್ಳೆಯ ಪಾಠಗಳೇ ಅವು. ಆದರೆ ಪಾಠ ಬರುವ ಹೊತ್ತಿಗೆ ಕರೆಂಟ್ ಇರಬೇಕಲ್ಲ. ಆಮೇಲೆ 2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಆಗಿನ ಕೇಂದ್ರ ಶಿಕ್ಷಣದ ಮಂತ್ರಿ ಕಪಿಲ್ ಸಿಬಲ್ ಆಕಾಶ್ ಟ್ಯಾಬ್ ಬಿಡುಗಡೆ ಮಾಡಿದರು. ಏಳು ಇಂಚು, 256 ಎಂಬಿ ರ‍್ಯಾಮ್, ಒತ್ತಿದರೆ ಮಾತ್ರ ಕೆಲಸ ಮಾಡುವ ಪರದೆ. ಜಗತ್ತಿನ ಅತಿ ಅಗ್ಗದ ಟ್ಯಾಬ್ ಅಂತ ಪೇಪರ್ ತುಂಬ ಸುದ್ದಿ. ಈಗಿನ ಹುಡುಗರಿಗೆ ಹೆಸರೇ ಗೊತ್ತಿಲ್ಲ.

ಹೊರಗಿನವರೂ ಜಾಣರೇನಲ್ಲ. ಲಾಸ್ ಏಂಜಲೀಸ್ ಶಾಲಾ ಜಿಲ್ಲೆ 2013ರಲ್ಲಿ ಎಲ್ಲ ಮಕ್ಕಳಿಗೂ ಐಪ್ಯಾಡ್ ಕೊಡುವ ಯೋಜನೆ ಹಾಕಿತು, ಒಟ್ಟು 130 ಕೋಟಿ ಡಾಲರ್ ಲೆಕ್ಕ. ಮರುವರ್ಷವೇ ಟೆಂಡರ್ ಗಲಾಟೆಯಾಗಿ ಒಪ್ಪಂದ ನಿಂತೇಹೋಯಿತು. ಪೆರು ದೇಶದಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಅಂತ ಹಂಚಿದರು, 2012ರಲ್ಲಿ ಅಳೆದು ನೋಡಿದರೆ ಗಣಿತದಲ್ಲೂ ಭಾಷೆಯಲ್ಲೂ ಏನೂ ಸುಧಾರಣೆ ಕಾಣಲಿಲ್ಲ.

ಇವೆಲ್ಲದರಲ್ಲೂ ನಾನು ಕಂಡದ್ದು ಒಂದೇ. ಮೊದಲ ವರ್ಷ ಉದ್ಘಾಟನೆ, ಎರಡನೇ ವರ್ಷ ವರದಿ, ಮೂರನೇ ವರ್ಷ ದಾಸ್ತಾನು ಪುಸ್ತಕ. ಒಂದು ಹೈಸ್ಕೂಲಿಗೆ ತಪಾಸಣೆಗೆ ಹೋದಾಗ ಕಂಪ್ಯೂಟರ್ ಕೋಣೆ ತೆಗೆಸಿದೆ. ಮಾನಿಟರ್‌ಗಳಿಗೆಲ್ಲ ಬಟ್ಟೆ ಹೊದಿಸಿ, ಅರಿಶಿನ ಕುಂಕುಮ ಇಟ್ಟಿದ್ದರು, ಆಯುಧಪೂಜೆಗೆ ಹಚ್ಚಿದ್ದು. ವರ್ಷಕ್ಕೊಮ್ಮೆ ಕೋಣೆ ತೆರೆಯುತ್ತಿದ್ದದ್ದು ಅವತ್ತೇ ಅಂತೆ. ಬಳಸಿ ಕೆಟ್ಟರೆ ಶಿಕ್ಷಕರು ಉತ್ತರ ಕೊಡಬೇಕು, ಬಳಸದೇ ಕೆಟ್ಟರೆ ಯಾರೂ ಕೇಳಲ್ಲ. ಹೆಡ್‌ಮಾಸ್ಟರ್ ಬೀರುವಿಗೆ ಬೀಗ ಹಾಕಿದ್ದು ಸೋಮಾರಿತನದಿಂದಲ್ಲ, ಭಯದಿಂದ. ಅದಕ್ಕೇ ಸಭೆಯಲ್ಲಿ ಮೊದಲು ಠರಾವು ಬರೆಸಿಕೊಳ್ಳಿ: ಮಕ್ಕಳು ಬಳಸುವಾಗ ಒಡೆದರೆ ಶಿಕ್ಷಕರೂ ಕೊಡಬೇಕಿಲ್ಲ, ಪೋಷಕರೂ ಕೊಡಬೇಕಿಲ್ಲ ಅಂತ. ಸಹಿ ಸಮೇತ.

ಬೆಂಚ್_ಕೊನೆ:
ನಾನು ಹತ್ತನೇ ಕ್ಲಾಸ್, ನಿಜ ಹೇಳ್ತೀನಿ ಬೈಬೇಡಿ. ನಮ್ಮ ಶಾಲೆ ಟ್ಯಾಬಲ್ಲಿ ಯೂಟ್ಯೂಬ್ ಬ್ಲಾಕ್ ಮಾಡಿದ್ದರು, ಎರಡೇ ದಿನ ತಡೆದಿದ್ದು. ಹಳೇ ಫೈಲು ಸರ್ ಹೇಳಿದ ಲಾಸ್ ಏಂಜಲೀಸ್ ಹುಡುಗರೂ ಸೆಟ್ಟಿಂಗ್‌ನಲ್ಲಿ ಶಾಲೆಯ ಪ್ರೊಫೈಲನ್ನೇ ಡಿಲೀಟ್ ಮಾಡಿ ಫೇಸ್‌ಬುಕ್ ನೋಡಿದ್ದರಂತೆ, ಓದಿ ಖುಷಿ ಆಯ್ತು. ಆದರೆ ಜೀವಕೋಶ ವಿಭಜನೆ ನನಗೆ ಅರ್ಥ ಆಗಿದ್ದು ಟ್ಯಾಬಲ್ಲಿ ನಿಧಾನಕ್ಕೆ ಹಿಂದೆ ಮುಂದೆ ಮಾಡಿ ನೋಡಿದಾಗಲೇ. ಓದೋಕೆ ಮಾತ್ರ ಪುಸ್ತಕವೇ ಬೇಕು. ಟ್ಯಾಬಲ್ಲಿ ಓದಿದ್ದು ಯಾವ ಪುಟದಲ್ಲಿತ್ತು ಅಂತ ನೆನಪೇ ಬರಲ್ಲ. ಪುಸ್ತಕ ಆದ್ರೆ ಎಡಗಡೆ ಕೆಳಗೆ, ನಾನು ಮೀಸೆ ಬರೆದ ಫೋಟೋ ಪಕ್ಕ ಅಂತ ನೆನಪಿರುತ್ತೆ.

ಇಬ್ಬರ_ಅಮ್ಮ:
ಮೀಸೆ ಯಾರ ಫೋಟೋಗೆ ಬರೆದೆಯಪ್ಪಾ?

ಬೆಂಚ್_ಕೊನೆ:
ಹೇಳಲ್ಲ ಆಂಟಿ.

ಕಿವಿಯಲ್ಲಿ_ಓದು:
ನನಗೆ ಕಣ್ಣು ಪೂರ್ತಿ ಕಾಣುವುದಿಲ್ಲ, ಬಿ.ಇಡಿ. ಮಾಡುತ್ತಿದ್ದೇನೆ, ಇದನ್ನೂ ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡೇ ಬರೆಯುತ್ತಿದ್ದೇನೆ. ಶಾಲೆಯಲ್ಲಿದ್ದಾಗ ಯಾರಾದರೂ ಓದಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಗೆಳತಿಗೆ ಬೇಜಾರಾಗುತ್ತದೆ ಅಂತ ಇನ್ನೊಂದು ಸಲ ಓದು ಅನ್ನುವುದಕ್ಕೂ ಸಂಕೋಚ. ಇವತ್ತು ಇಡೀ ಪುಸ್ತಕ ನನ್ನ ಕಿವಿಯಲ್ಲಿದೆ. ಟ್ಯಾಬ್ ಬೇಕೋ ಬೇಡವೋ ಅನ್ನುವ ಚರ್ಚೆ ನನ್ನಂಥವರಿಗೆ ಸ್ವಲ್ಪ ವಿಚಿತ್ರ ಅನ್ನಿಸುತ್ತದೆ. ಕನ್ನಡಕ ಬೇಕೋ ಬೇಡವೋ ಅಂತ ಯಾರಾದರೂ ಸಭೆ ಕರೆಯುತ್ತಾರಾ?

ಒಂದು ತೊಡಕು ಮಾತ್ರ ಹೇಳಬೇಕು. ಎಲ್ಲ ಸಾಧನಗಳೂ ಗುರುತಿಸುವ ಯುನಿಕೋಡ್ ಎಂಬ ಅಕ್ಷರ ಸಂಕೇತದಲ್ಲಿರುವ ಕನ್ನಡವನ್ನು ಟ್ಯಾಬ್ ಚೆನ್ನಾಗಿ ಓದುತ್ತದೆ. ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿ ಮಾಡಿದ ಪಿಡಿಎಫ್ ಸಿಕ್ಕರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಗೊಣಗುತ್ತದೆ. ಮೇಷ್ಟ್ರೇ, ನೀವು ವರ್ಕ್‌ಶೀಟ್ ಮಾಡುವಾಗ ದಯವಿಟ್ಟು ಯುನಿಕೋಡ್‌ನಲ್ಲೇ ಮಾಡಿ. ನಿಮ್ಮ ಶಾಲೆಯಲ್ಲಿ ಹಲಗೆಯ ಹತ್ತಿರ ಹೋಗಿ ಬಗ್ಗಿ ನೋಡುವ ಮಗು ಯಾವುದಾದರೂ ಇದೆಯಾ, ಗಮನಿಸಿ. ಇದ್ದರೆ ಮೊದಲ ಟ್ಯಾಬ್ ಅದಕ್ಕೆ ಕೊಟ್ಟು ಅಕ್ಷರ ದೊಡ್ಡದು ಮಾಡಿಕೊಡಿ.

ಕೋಡ್_ಕೊಟ್ಟಿಗೆ:
ಇದನ್ನು ನಾನು ಮೊದಲು ಹೇಳಬೇಕಿತ್ತು, ಹೊಳೆಯಲೇ ಇಲ್ಲ.

ಹಳ್ಳಿ_ಮೇಷ್ಟ್ರು:
ಸಭೆ ಮುಗಿಯಿತು. ಎಲ್ಲರದ್ದೂ ಓದಿಕೊಂಡೇ ಹೋಗಿದ್ದೆ. ಶುರುವಾಗುತ್ತಿದ್ದಂತೆ ಒಬ್ಬ ತಾಯಿ ಎದ್ದು ನಿಂತು "ನಮ್ಮ ಹುಡುಗ ಒಡೆದಾಕಿದ್ರೆ ನಾವು ಎಲ್ಲಿಂದ ತರೋದು ಸಾರ್?" ಅಂದರು. ಹಳೇ ಫೈಲು ಸರ್, ನಿಮ್ಮ ಠರಾವು ಅಲ್ಲೇ ಬರೆಸಿದೆ, ಅಧ್ಯಕ್ಷರು ಹೆಬ್ಬೆಟ್ಟು ಹಾಕದೆ ಕಷ್ಟಪಟ್ಟು ಸಹಿ ಮಾಡಿದರು. ಹೆಡ್‌ಮಾಸ್ಟರ್ ಮುಖದಲ್ಲಿ ಅವತ್ತು ನಗು ಕಂಡೆ.

ಮನೆಗೆ ಕೊಡುವುದಿಲ್ಲ. ಒಂದರಿಂದ ಮೂರಕ್ಕೆ ಇಲ್ಲ, ಟೀಚರಮ್ಮನ ಮಾತಿನಂತೆ. ಇಡೀ ತರಗತಿಗೆ ಒಟ್ಟಿಗೆ ಹಂಚುವುದನ್ನೂ ನಿಲ್ಲಿಸಿದೆ. ಒಂದು ಸಲಕ್ಕೆ ಐದೇ ಟ್ಯಾಬ್ ಹೊರಗೆ ಬರುತ್ತವೆ, ನಾನು ಉಳಿದವರಿಗೆ ಹಲಗೆಯಲ್ಲಿ ಪಾಠ ಮಾಡುವಾಗ ಓದಿನಲ್ಲಿ ಹಿಂದಿರುವ ಐದು ಮಕ್ಕಳು ಜಗಲಿಯಲ್ಲಿ ಕೂರುತ್ತಾರೆ. ಅತಿಥಿ ಶಿಕ್ಷಕಿ ಇದಕ್ಕೆ ಒಂದು ತಕರಾರು ತೆಗೆದರು: ಹಿಂದಿದ್ದವರಿಗೇ ಕೊಟ್ಟರೆ ಟ್ಯಾಬ್ ಹಿಡಿದವರು ದಡ್ಡರು ಅಂತ ಆಗಿಬಿಡುತ್ತದೆ ಸರ್ ಅಂತ. ಸರಿ ಅನ್ನಿಸಿತು. ಅದಕ್ಕೆ ಚೆನ್ನಾಗಿ ಓದುವ ಇಬ್ಬರನ್ನೂ ಸರದಿಯ ಮೇಲೆ ಸೇರಿಸುತ್ತಿದ್ದೇವೆ. ಚಾರ್ಜ್ ಮಾಡುವ ಕೆಲಸ ಏಳನೇ ತರಗತಿಯ ಒಬ್ಬ ಹುಡುಗಿಯದು, ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಯಾವುದು ಎಷ್ಟು ಪರ್ಸೆಂಟ್ ಅಂತ ಬರೆಯುತ್ತಾಳೆ, ನನಗಿಂತ ಕಟ್ಟುನಿಟ್ಟು.

ಕಿವಿಯಲ್ಲಿ ಓದು ಮೇಡಂ, ನೀವು ಹೇಳಿದ ಮೇಲೆ ಗಮನಿಸಿದೆ. ನಾಲ್ಕನೇ ತರಗತಿಯಲ್ಲಿ ಒಂದು ಹುಡುಗಿ ಹಲಗೆಯಿಂದಲ್ಲ, ಪಕ್ಕದವಳ ನೋಟ್ಸ್ ನೋಡಿ ಬರೆಯುತ್ತಿದ್ದಾಳೆ. ಎರಡು ವರ್ಷದಿಂದ ಕಾಪಿ ಹೊಡೀಬೇಡ ಅಂತ ಗದರಿಸುತ್ತಾ ಬಂದಿದ್ದೇನೆ. ಬುಧವಾರ ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇವೆ, ಅವಳ ಅಪ್ಪ ಒಪ್ಪಿದ್ದಾರೆ.

ಸ್ಕ್ರೂಡ್ರೈವರ್ ಅಣ್ಣಾ, ನೋಡಿದೆ, ಟೈಪ್-ಸಿ ಅಲ್ಲ, ಹಳೇ ಪಿನ್ನೇ. ಎರಡು ಆಗಲೇ ಅಲ್ಲಾಡುತ್ತಿವೆ. ಭಾನುವಾರ ಅಂಗಡಿ ತೆಗೆದಿರುತ್ತೀರಾ?